ಕೈ ಹಾಕೋದಕ್ಕೆ ಮುಂಚಿನ ಹತ್ತು ನಿಮಿಷ

ಪುಟ್ಟಿ,

ಭಾನುವಾರ ಫೋನಲ್ಲಿ "ದೊಡ್ಡಮ್ಮ, ಸ್ಪೆಷಲ್ ಎಜುಕೇಷನ್ ಕ್ಲಾಸಿಗೆ ಅಸಿಸ್ಟೆಂಟ್ ಆಗಿ ಹಾಕಿದ್ದಾರೆ, ಮಗು ಮೈಮೇಲೆ ಏರಿ ಬಂದ್ರೆ ಹೇಗೆ ಹಿಡ್ಕೋಬೇಕು ಅಂತ ಎರಡು ದಿನ ಟ್ರೇನಿಂಗ್ ಕೊಟ್ರು, ಸರ್ಟಿಫಿಕೇಟೂ ಬಂತು" ಅಂತ ಖುಷಿಯಾಗಿ ಹೇಳಿದೆ, ನಾನು ಹೂಂ ಹೂಂ ಅಂದೆ ಅಷ್ಟೆ, ರಾತ್ರಿ ಮಾತ್ರ ನಿದ್ದೆ ಬರ್ಲಿಲ್ಲ. ಅದಕ್ಕೇ ಟೈಪ್ ಮಾಡ್ತಿದೀನಿ, ತಪ್ಪಿದ್ರೆ ನೀನೇ ತಿದ್ಕೊಂಡು ಓದು.

ಅಮೆರಿಕದ ನಿಮ್ಮ ಮೇರಿಲ್ಯಾಂಡ್ ರಾಜ್ಯದಲ್ಲಿ ಮಗೂನ ರೂಮಲ್ಲಿ ಒಬ್ಬನ್ನೇ ಕೂಡಿಹಾಕೋದನ್ನ ಪಬ್ಲಿಕ್ ಶಾಲೆಗಳಲ್ಲಿ 2022ರಲ್ಲಿ ಬ್ಯಾನ್ ಮಾಡಿದ್ರು. ಸುಮ್ಸುಮ್ನೆ ಅಲ್ಲ. ನಿಮ್ಮ ರಾಜ್ಯದ್ದೇ ಫ್ರೆಡ್ರಿಕ್ ಕೌಂಟಿ ಶಾಲೆಗಳ ಬಗ್ಗೆ ಜಸ್ಟಿಸ್ ಡಿಪಾರ್ಟ್‌ಮೆಂಟಿನೋರು ತನಿಖೆ ಮಾಡಿ 2021ರ ಡಿಸೆಂಬರಲ್ಲಿ ಹೇಳಿದ್ದು ಓದಿದೆ, ಎರಡೂವರೆ ವರ್ಷದಲ್ಲಿ 7,253 ಸಲ ಮಕ್ಕಳನ್ನ ಹಿಡಿದು ಅದುಮಿದ್ದು ಇಲ್ಲಾ ಕೂಡಿಹಾಕಿದ್ದು, ಅದೂ ಬರೀ 125 ಮಕ್ಕಳನ್ನ! ಭಾಗಾಕಾರ ಮಾಡಿ ನೋಡು, ತಲೆಗೆ 58 ಸಲ ಬರುತ್ತೆ. ಕೂಡಿಹಾಕಿದ್ದ ಒಂದೊಂದು ಮಗೂಗೂ ಏನಾದ್ರೂ ಡಿಸಬಿಲಿಟಿ ಇತ್ತಂತೆ. ಇಡೀ ದೇಶಕ್ಕೆ ಒಂದು ಕಾನೂನು ಮಾಡೋಣ ಅಂತ ಹೊರಟಿದ್ದು 2010ರಲ್ಲಿ ಹೌಸಲ್ಲಿ ಪಾಸಾಗಿ ಸೆನೆಟಲ್ಲಿ ವೋಟಿಗೇ ಬರದೆ ನಿಂತುಹೋಯ್ತು, ಹಾಗಾಗಿ ಒಂದೊಂದು ರಾಜ್ಯಕ್ಕೆ ಒಂದೊಂದು ನ್ಯಾಯ.

ಈಗ ನನ್ನ ವಿಷಯ. ಯಾರಿಗೂ ಹೇಳಿಲ್ಲ, ನಿಮ್ಮಮ್ಮಂಗೂ ಗೊತ್ತಿಲ್ಲ. ನಾನು ಟೀಚರ್ ಕೆಲಸಕ್ಕೆ ಸೇರಿ ಎರಡನೇ ವರ್ಷ ಇರ್ಬೇಕು, ಒಂಬತ್ತು ವರ್ಷದ ಒಬ್ಬ ಹುಡುಗ, ಮಾತಿಲ್ಲ, ದಿನಾ ಹನ್ನೊಂದು ಗಂಟೆ ಸುಮಾರಿಗೆ ಗೋಡೆಗೆ ತಲೆ ಚಚ್ಕೊಳ್ಳೋನು, ತಡೆಯೋಕೆ ಹೋದ್ರೆ ಕಚ್ಚೋನು. ಒಂದಿನ ಅವನನ್ನ ಎಳ್ಕೊಂಡು ಹೋಗಿ ಚಾಪೆ, ಹಳೇ ಬೋರ್ಡು ಇಡೋ ಸ್ಟೋರ್ ರೂಮಿಗೆ ಹಾಕಿ ಚಿಲಕ ಹಾಕ್ಬಿಟ್ಟೆ. ಹತ್ತು ನಿಮಿಷ ಕೂಗಿದ, ಆಮೇಲೆ ಸುಮ್ನಾದ, ಸಮಾಧಾನ ಆದ ಅನ್ಕೊಂಡೆ ಕಣೇ. ಬಾಗಿಲು ತೆಗೆದ್ರೆ ಚಡ್ಡಿ ಒದ್ದೆ, ಬಾಗಿಲ ಕೆಳಗಡೆ ಹಸಿರು ಪೇಂಟು ಕೆರೆದು ಕೆರೆದು ಅವನ ಉಗುರಿನ ಸಂದೀಲೆಲ್ಲ ಆ ಪೇಂಟಿನ ಚೂರು. ಅವನ ಕೈ ತೊಳೀತಾ ಇದ್ರೆ ನನ್ನ ಕೈ ನಡುಗ್ತಿತ್ತು.

ಕಾರಣ ಕಂಡುಹಿಡಿದಿದ್ದು ನಾನಲ್ಲ, ನಮ್ಮ ಆಯಾ. "ಮಿಸ್, ಪಕ್ಕದ ಅಡಿಗೆಮನೇಲಿ ಕುಕ್ಕರ್ ಕೂಗೋಕೂ ಇವ್ನು ತಲೆ ಚಚ್ಚೋಕೂ ಸರಿಹೋಗುತ್ತೆ ನೋಡಿ" ಅಂದ್ಲು. ಮಾರನೇ ದಿನದಿಂದ ಆ ಹೊತ್ತಿಗೆ ಅವನನ್ನ ಅಂಗಳದ ಹೊಂಗೆಮರದ ಹತ್ರ ಗಿಡಕ್ಕೆ ನೀರು ಹಾಕೋಕೆ ಕಳಿಸಿದ್ವಿ, ಪೂರ್ತಿ ನಿಲ್ಲಲಿಲ್ಲ, ಸುಳ್ಳು ಯಾಕೆ ಹೇಳ್ಲಿ, ಆದ್ರೆ ವಾರಕ್ಕೆ ಒಂದು ಸಲಕ್ಕೆ ಇಳೀತು. ನಾನು ಬಿಎಡ್ ಮಾಡಿದೋಳು, ಆಯಾ ನಾಲ್ಕನೇ ಕ್ಲಾಸು.

ಅದಕ್ಕೇ ಹೇಳೋದು, ಹಿಡಿಯೋದು ಹೇಗೆ ಅಂತ ಎರಡು ದಿನ ಕಲಿಸಿದ್ದಾರಲ್ಲ, ಅದಕ್ಕೆ ಮುಂಚಿನ ಹತ್ತು ನಿಮಿಷ ಏನಾಗಿತ್ತು ಅಂತ ನೀನೇ ಕಲೀಬೇಕು. ಆ ಮಗೂದು ಐಇಪಿ (ಅವನಿಗೇ ಅಂತ ಮಾಡಿದ ಕಲಿಕೆಯ ಪ್ಲಾನು), ಬಿಹೇವಿಯರ್ ಪ್ಲಾನು ಎರಡನ್ನೂ ಕೇಳಿ ಓದು, ಅಸಿಸ್ಟೆಂಟುಗಳಿಗೆ ಯಾರೂ ತಾವಾಗಿ ತೋರಿಸಲ್ಲ, ದಿನವಿಡೀ ಮಗು ಜೊತೆ ಇರೋಳು ಮಾತ್ರ ನೀನು! ಪುಸ್ತಕ ಹರಿದ, ಉಗಿದ, ಬರೆಯಲ್ಲ ಅಂದ, ಮೇಜಿನ ಕೆಳಗೆ ಹೋಗಿ ಕೂತ, ಇದ್ಯಾವುದಕ್ಕೂ ಹಿಡಿಯೋ ಹಾಗಿಲ್ಲ. ಅವನಿಗೋ ಇನ್ನೊಬ್ರಿಗೋ ಗಂಭೀರವಾಗಿ ಪೆಟ್ಟಾಗೋ ಅಪಾಯ ಆ ಕ್ಷಣಕ್ಕೇ ಎದುರಿಗಿದ್ರೆ ಮಾತ್ರ, ಅಪಾಯ ಕಳೆದ ತಕ್ಷಣ ಬಿಟ್ಬಿಡು. ಸಾರಿ ಹೇಳೋವರೆಗೂ ಬಿಡಲ್ಲ ಅಂದ್ರೆ ಅದು ಶಿಕ್ಷೆ ಆಯ್ತು.

ಬೋರಲು ಮಲಗಿಸಿ ಬೆನ್ನ ಮೇಲೆ ಭಾರ ಹಾಕೋದು ಯಾರೇ ಹೇಳ್ಲಿ, ಯಾವ ಸೀನಿಯರ್ರೇ ಹೇಳ್ಲಿ, ಮಾಡ್ಬೇಡ. ಉಸಿರು ಕಟ್ಟಿ ಮಕ್ಕಳು ಸತ್ತಿದ್ದಾರೆ, ಅಲ್ಲಿನ ಸರ್ಕಾರದ ಲೆಕ್ಕಪರಿಶೋಧಕರು 2009ರಲ್ಲೇ ಅವರ ಪಾರ್ಲಿಮೆಂಟು, ಅಂದ್ರೆ ಕಾಂಗ್ರೆಸ್ಸಿನ ಮುಂದೆ ಇದನ್ನ ಇಟ್ಟಿದ್ರು. ಮಾತಾಡ್ತಿದ್ದಾನಲ್ಲ, ಅಂದ್ರೆ ಉಸಿರಾಡ್ತಿದ್ದಾನೆ ಅಂತಾರೆ, ನಂಬ್ಬೇಡ, ಮಾತು ಬರ್ತಿದ್ರೂ ಉಸಿರು ಸಾಲದೇ ಹೋಗಬಹುದು.

ಇನ್ನು ಈ "ಕಾಮ್ ರೂಮು", ಅಂದ್ರೆ ಮಗು ಶಾಂತವಾಗ್ಲಿ ಅಂತ ಇಟ್ಟಿರೋ ಕೋಣೆ. ಹೆಸರು ಏನಾದ್ರೂ ಇಡ್ಲಿ, ಒಳಗಡೆ ದಿಂಬು, ನೀಲಿ ಲೈಟು ಇರ್ಲಿ, ಮಗು ಹೊರಗೆ ಬರ್ತೀನಿ ಅಂದಾಗ ಯಾರೋ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ನಿಂತಿದ್ರೆ ಅದು ಕೂಡಿಹಾಕಿದ್ದೇ, ಬೀಗ ಇರ್ಲೇಬೇಕು ಅಂತಿಲ್ಲ. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯಿದೆ ಮನೋರೋಗಿಗಳನ್ನೇ ಒಂಟಿಯಾಗಿ ಕೂಡಿಹಾಕ್ಬೇಡಿ ಅನ್ನುತ್ತೆ, ಮಕ್ಕಳು ಅದಕ್ಕಿಂತ ಕಡೆಯಾ? ಹಾಗಂತ ನಮ್ಮೂರೇನು ದೊಡ್ಡದಲ್ಲ, ಮಗೂನ ಕುರ್ಚಿಗೆ ದುಪಟ್ಟಾದಲ್ಲಿ ಕಟ್ಟಿ ಕೂರಿಸಿದ್ದನ್ನ ನಾನೇ ನೋಡಿದೀನಿ.

ಹಿಡಿಯಲೇಬೇಕಾಗಿ ಬಂದ್ರೆ ಅವತ್ತೇ ಬರೆದಿಡು, ಎಷ್ಟು ನಿಮಿಷ, ಯಾರ್ಯಾರಿದ್ರು, ಮುಂಚೆ ಏನು ಮಾಡಿದ್ರಿ, ಎಲ್ಲಾ. ಅಪ್ಪ ಅಮ್ಮನಿಗೆ ಅವತ್ತೇ ತಿಳೀತಾ ಅಂತಾನೂ ವಿಚಾರಿಸು. ನಾನು ಆ ತಾಯಿಗೆ "ಆಟ ಆಡೋವಾಗ ಉಗುರು ತರಚಿಕೊಂಡಿದ್ದಾನೆ" ಅಂದೆ, ಆಕೆ ಪಾಪ ಥ್ಯಾಂಕ್ಸ್ ಹೇಳಿ ಹೋದ್ಲು.

ನೀನು ಹೇಳಿದ್ಯಲ್ಲ, ಊಟ ಆದ್ಮೇಲೆ ದಿನಾ ಮೇಜಿನ ಕೆಳಗೆ ಸೇರ್ಕೊಳ್ಳೋ ಹುಡುಗ, ಈ ವಾರ ಅವನನ್ನ ಕ್ಯಾಂಟೀನಿಂದ ಕ್ಲಾಸಿನವರೆಗೆ ಸುಮ್ನೆ ನೋಡ್ತಾ ಬಾ. ದಾರೀಲಿ ಏನು ಸದ್ದು, ಏನು ವಾಸನೆ, ಯಾರು ಎದುರು ಸಿಗ್ತಾರೆ, ಬರಿ ನಂಗೆ. ವಾಯ್ಸ್ ಮೆಸೇಜ್ ಕಳಿಸ್ಬೇಡ, ಕಿವಿ ಸರಿಯಾಗಿ ಕೇಳಲ್ಲ.

ನಿನ್ನ ದೊಡ್ಡಮ್ಮ