ಭಾನುವಾರದ ಸಭೆಗೆ ರಸ್ತೆ ಬದಿಯ ಔಷಧಿ ತನ್ನಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಆರೋಗ್ಯ ಸಭೆ ಇದೆ. ರಸ್ತೆ ಬದಿಯಲ್ಲಿ ಮಾತ್ರೆ, ಬೇರು, ಪುಡಿ ಕೊಂಡವರು ಅದನ್ನು ಕವರ್ ಸಮೇತ ತನ್ನಿ. ಯಾರೂ ಬೈಯುವುದಿಲ್ಲ. ರಸ್ತೆ ಬದಿಯ ಅಂಗಡಿಯಲ್ಲಿ ಕ್ಯೂ ಇಲ್ಲ, ಎರಡೇ ಮಾತ್ರೆ ಕೇಳಿದರೂ ಕೊಡುತ್ತಾರೆ, ನಮ್ಮ ನೋವಿನ ಕಥೆಯನ್ನು ಪೂರ್ತಿ ಕೇಳುತ್ತಾರೆ. ಜನ ಹೋಗುವುದು ಅದಕ್ಕೇ ಅಲ್ವಾ?

ಆದರೆ ಬಿಸಿಲಲ್ಲಿಟ್ಟ ಮಾತ್ರೆ ಕೆಡುತ್ತದೆ. ಮಾತ್ರೆ ಪಟ್ಟಿಯಿಂದ ಕತ್ತರಿಸಿ ಕೊಟ್ಟ ತುಂಡಿನಲ್ಲಿ ಎಷ್ಟೋ ಸಲ ಎಕ್ಸ್‌ಪೈರಿ ದಿನಾಂಕವೇ ಇರುವುದಿಲ್ಲ. ಮಂಡಿನೋವಿಗೆಂದು ಮಾರುವ ಗಿಡಮೂಲಿಕೆ ಪುಡಿಗಳಲ್ಲಿ ಸ್ಟೀರಾಯ್ಡ್ ಎಂಬ ಬಲವಾದ ಔಷಧಿ ಬೆರೆಸಿದ್ದು ಹಲವು ಕಡೆ ಪತ್ತೆಯಾಗಿದೆ. ಅಂಥ ಪುಡಿಯನ್ನು ತಿಂಗಳುಗಟ್ಟಲೆ ತಿಂದವರು ಹೆದರಿ ಒಮ್ಮೆಲೇ ನಿಲ್ಲಿಸಬೇಡಿ, ಅದೂ ಅಪಾಯ. ಇವತ್ತೇ ಡಾಕ್ಟರಿಗೆ ತೋರಿಸಿ.

ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ. ಸಂಕೋಚ ಇದ್ದರೆ ನನಗೊಬ್ಬಳಿಗೇ ಮೆಸೇಜ್ ಮಾಡಿ.