ಕೆಲಸ ಬಿಡುವ ಮುನ್ನ

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನಾನು ಮತ್ತೆ ಮಾಡಲಿಲ್ಲ. ಮಾಡಿದ್ದರೆ ಇನ್ನೊಂದು ಸುತ್ತು ಜಗಳವಾಗುತ್ತಿತ್ತು, ಅಷ್ಟೇ. ‘ಒಂದು ಸೋಲಿಗೆ ಓಡಿಹೋಗುವವರಿಗೆ ಸಂಶೋಧನೆ ಯಾಕೆ ಬೇಕು’ ಎಂದೆನಲ್ಲ, ಅದು ಅಮ್ಮ ಆಡುವ ಮಾತಲ್ಲ, ವಿಭಾಗದ ಮುಖ್ಯಸ್ಥೆ ಆಡುವ ಮಾತು. ನಿವೃತ್ತಿಯಾದರೂ ಆ ಗತ್ತು ಇಳಿದಿಲ್ಲ ಎಂದು ಪಕ್ಕದಲ್ಲಿದ್ದ ನಿನ್ನ ಅಪ್ಪ ಆಗಲೇ ಚುಚ್ಚಿದರು. ಅಷ್ಟರ ಮಟ್ಟಿಗೆ ಕ್ಷಮಿಸು. ಉಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ನಿಮ್ಮ ಪಾರ್ಕಿನ್ಸನ್ ಕಾಯಿಲೆಯ ಔಷಧಕ್ಕೂ, ಔಷಧವೇ ಇಲ್ಲದ ಸುಳ್ಳು ಗುಳಿಗೆಗೂ ವ್ಯತ್ಯಾಸ ಕಾಣಲಿಲ್ಲ, ಪ್ರಯೋಗ ನಿಂತಿತು, ನೀನು ರಾಜೀನಾಮೆ ಬರೆದೆ. ಇರುವುದು ಬಿಡುವುದು ನಿನಗೆ ಸೇರಿದ್ದು. ನನ್ನ ತಕರಾರು ಒಂದೇ. ಪ್ರಯೋಗಕ್ಕೆ ಬಂದವರಿಗೆಲ್ಲ ಫಲಿತಾಂಶವನ್ನು ಒಂದು ಪುಟದ ಪತ್ರದಲ್ಲಿ ಕಳಿಸಿ, ಅವರ ಮುಖ ನೋಡದೆ ಹೊರಟುಬಿಡುತ್ತೇನೆ ಎಂದೆಯಲ್ಲ, ಅದನ್ನು ಒಪ್ಪಲಾರೆ.

ನಿನಗೆ ಹೇಳದೆ ಉಳಿಸಿಕೊಂಡ ಒಬ್ಬರ ವಿಷಯವಿದೆ. ಕಟ್ಟಡಗಳ ನಕ್ಷೆ ಬರೆದು ನಿವೃತ್ತರಾದವರು. ಪಾರ್ಕಿನ್ಸನ್ ಬಂದ ಮೇಲೆ ಅವರಿಗೆ ನಡಿಗೆಗಿಂತ ಬರವಣಿಗೆಯದೇ ಚಿಂತೆ. ಸಾಲಿನ ಮೊದಲ ಅಕ್ಷರ ನೆಟ್ಟಗಿರುತ್ತಿತ್ತು, ಕೊನೆಗೆ ಬರುವ ಹೊತ್ತಿಗೆ ಸಾಸಿವೆ ಕಾಳು. ದಿನವೂ ಒಂದೇ ವಾಕ್ಯವನ್ನು ನೋಟ್‌ಬುಕ್ಕಿನಲ್ಲಿ ಬರೆದು, ಮೊದಲ ಮತ್ತು ಕೊನೆಯ ಅಕ್ಷರದ ಎತ್ತರವನ್ನು ಸ್ಕೇಲಿನಿಂದ ಅಳೆದು, ಅಂಚಿನಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ವೃತ್ತಿಯ ಚಟ. ಆಗ ನಾವು ನಡೆಸುತ್ತಿದ್ದ ಔಷಧದ ಪ್ರಯೋಗಕ್ಕೆ ಸೇರಿದ ಕೆಲವೇ ವಾರಗಳಲ್ಲಿ ಕೊನೆಯ ಅಕ್ಷರ ಬೆಳೆಯತೊಡಗಿತು. ಪ್ರತಿ ಭೇಟಿಗೂ ನೋಟ್‌ಬುಕ್ ತರುತ್ತಿದ್ದರು, ನಮ್ಮ ಅಳತೆಪಟ್ಟಿಗಳನ್ನು ಪಕ್ಕಕ್ಕೆ ಸರಿಸಿ ಮೊದಲು ಇದನ್ನು ನೋಡಿ ಎನ್ನುತ್ತಿದ್ದರು.

ಕೊನೆಗೆ ಯಾರಿಗೆ ಯಾವ ಗುಳಿಗೆ ಹೋಗಿತ್ತೆಂಬ ಸಂಕೇತ ಬಿಚ್ಚಿದಾಗ ತಿಳಿಯಿತು, ಅವರಿಗೆ ಸಿಕ್ಕಿದ್ದು ಸುಳ್ಳು ಗುಳಿಗೆ.

ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರ ಹೆಂಡತಿ ಅತ್ತರು. ಅವರು ಅಳಲಿಲ್ಲ. ಪುಟ ತಿರುವಿ, ಒಂದು ಸಾಲಿನ ಮೇಲೆ ಸ್ಕೇಲ್ ಇಟ್ಟು, ‘ಡಾಕ್ಟರೇ, ಹಾಗಾದರೆ ಇದನ್ನು ಬರೆದವರು ಯಾರು?’ ಎಂದು ಕೇಳಿದರು. ವ್ಯಂಗ್ಯವಿರಲಿಲ್ಲ, ನಿಜಕ್ಕೂ ಉತ್ತರ ಬೇಕಿತ್ತು. ಆಗ ನನ್ನ ಬಳಿ ಉತ್ತರ ಇರಲಿಲ್ಲ. ಅದಾಗಿ ಕೆಲವು ವರ್ಷಗಳ ಮೇಲೆ, 2001ರಲ್ಲಿ, ಕೆನಡಾದ ಸಂಶೋಧಕರು ಮಿದುಳಿನೊಳಗಿನ ಚಟುವಟಿಕೆ ಕಾಣಿಸುವ ಪೆಟ್ ಸ್ಕ್ಯಾನ್ ಮೂಲಕ ತೋರಿಸಿದರು: ಔಷಧ ಸಿಗುತ್ತದೆಂಬ ನಿರೀಕ್ಷೆಯೇ ಪಾರ್ಕಿನ್ಸನ್ ರೋಗಿಯ ಮಿದುಳಿನಲ್ಲಿ, ಈ ಕಾಯಿಲೆಯಲ್ಲಿ ಕಡಿಮೆಯಾಗುವ ಡೋಪಮೈನ್ ಎಂಬ ರಾಸಾಯನಿಕ ಹೊರಬರುವಂತೆ ಮಾಡಬಲ್ಲದು. ಅಂದರೆ ಆ ಅಕ್ಷರಗಳು ಸುಳ್ಳಲ್ಲ. ಬರೆದದ್ದು ಅವರೇ, ಅವರ ಮಿದುಳಿನಲ್ಲಿ ಇನ್ನೂ ಉಳಿದಿದ್ದ ಡೋಪಮೈನ್‌ನಿಂದಲೇ. ಕಾಯಿಲೆ ಮಾತ್ರ ತನ್ನ ಪಾಡಿಗೆ ತಾನು ಮುಂದುವರಿದಿತ್ತು. ಆ ದಿನ ಅವರು ಇನ್ನೊಂದು ತಿಂಗಳಿಗಾಗುವಷ್ಟು ಅದೇ ಗುಳಿಗೆ ಕೊಡಿ ಎಂದು ಕೇಳಿದರು. ಕೊಡಲಾಗಲಿಲ್ಲ. ಆಮೇಲೂ ಅವರು ಚಿಕಿತ್ಸೆಗೆ ಬರುತ್ತಿದ್ದರು, ಅಕ್ಷರ ಮತ್ತೆ ಕುಗ್ಗಿತ್ತು, ಅಂಚಿನ ಗುರುತು ನಿಂತಿರಲಿಲ್ಲ. ಆ ಗುರುತುಗಳನ್ನು ನಾನು ಓದುತ್ತಿದ್ದೆ, ಆದರೆ ಅದರ ಬಗ್ಗೆ ಇಬ್ಬರೂ ಮಾತಾಡುತ್ತಿರಲಿಲ್ಲ.

ನೋಡು, ಮತ್ತೆ ಆ ನೋಟ್‌ಬುಕ್ಕಿನಲ್ಲೇ ಸಿಕ್ಕಿಕೊಂಡೆ. ನಾನು ಹೇಳಹೊರಟದ್ದು ಇಷ್ಟೇ: ಪತ್ರ ಹೋಗಿದ್ದರೆ ಆ ಪ್ರಶ್ನೆಯನ್ನು ಅವರು ಯಾರಿಗೆ ಕೇಳಬೇಕಿತ್ತು? ನಿಮ್ಮ ಪ್ರಯೋಗದಲ್ಲೂ ಸುಧಾರಿಸಿದವರು ಇದ್ದೇ ಇರುತ್ತಾರೆ, ಎರಡೂ ಗುಂಪಿನಲ್ಲಿ. ‘ಪರಿಣಾಮ ಕಂಡುಬಂದಿಲ್ಲ’ ಎಂಬ ಸಾಲನ್ನು ಅವರು ಹೇಗೆ ಓದುತ್ತಾರೆಂದು ಯೋಚಿಸಿದ್ದೀಯಾ?

‘ಎಲ್ಲ ನೀರಿನಲ್ಲಿ ಹೋಮ’ ಎಂದು ನೀನು ಹೇಳಿದೆ. ಈ ಕಾಯಿಲೆಯ ಚರಿತ್ರೆ ನಿನಗೆ ನಾನು ಹೇಳಬೇಕಾಗಿಲ್ಲ, ಆದರೂ ಕೇಳು. 1960ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್ ಮತ್ತು ಎಹ್ರಿಂಗರ್ ಈ ಕಾಯಿಲೆಯಿದ್ದು ಸತ್ತವರ ಮಿದುಳಿನಲ್ಲಿ ಡೋಪಮೈನ್ ಕೊರತೆ ಕಂಡರು. ಮರುವರ್ಷವೇ, ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾದ ಚುಚ್ಚುಮದ್ದು ಕೊಟ್ಟಾಗ ಹಾಸಿಗೆ ಹಿಡಿದವರು ಎದ್ದು ನಡೆದರು, ಆದರೆ ಗುಣ ಹೆಚ್ಚು ಹೊತ್ತು ನಿಲ್ಲಲಿಲ್ಲ. ಬೇರೆಯವರು ಕೊಟ್ಟುನೋಡಿದರೆ ಒಬ್ಬರಿಗೆ ಗುಣ ಕಂಡಿತು, ಇನ್ನೊಬ್ಬರಿಗೆ ಇಲ್ಲ. ಇದರಲ್ಲಿ ಹುರುಳಿಲ್ಲ ಎಂದವರು ಕಡಿಮೆಯಿರಲಿಲ್ಲ. 1967ರಲ್ಲಿ ಕೋಟ್ಸಿಯಾಸ್ ಎಂಬ ವೈದ್ಯರು ಬಾಯಿಯ ಮೂಲಕ ಕೊಡುತ್ತ, ಪ್ರಮಾಣವನ್ನು ನಿಧಾನವಾಗಿ ಬಹಳ ಮೇಲಕ್ಕೆ ಏರಿಸಿದ ಮೇಲೆ ಲೆವೊಡೋಪಾ ಚಿಕಿತ್ಸೆಯಾಯಿತು. ಹಾಗೆಂದು ನಿಮ್ಮ ಔಷಧವೂ ಮುಂದೊಂದು ದಿನ ಗೆಲ್ಲುತ್ತದೆ ಎನ್ನುತ್ತಿಲ್ಲ. ಬಹುಶಃ ಗೆಲ್ಲುವುದಿಲ್ಲ. ಕೈ ನಡುಗತೊಡಗುವ ಹೊತ್ತಿಗೆ ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ಕಪ್ಪು ಪಟ್ಟಿಯ ಜೀವಕೋಶಗಳಲ್ಲಿ ದೊಡ್ಡ ಪಾಲು ಆಗಲೇ ಸತ್ತಿರುತ್ತದೆ. ವಾಸನೆ ತಿಳಿಯದಾಗುವುದು, ನಿದ್ದೆಯಲ್ಲಿ ಕೈಕಾಲು ಬಡಿಯುವುದು ಅದಕ್ಕೂ ಎಷ್ಟೋ ವರ್ಷ ಮೊದಲೇ ಶುರುವಾಗಿರಬಹುದು. ನೀವು ತಡವಾಗಿ ಹೋಗಿದ್ದಿರಬಹುದು. ಅದನ್ನು ಹೇಳುವುದಕ್ಕಾದರೂ ನಿಮ್ಮ ಅಂಕಿಅಂಶ ಪೂರ್ತಿಯಾಗಿ ಅಚ್ಚಾಗಬೇಕು.

ಉಪನ್ಯಾಸವಾಯಿತು. ಇರಲಿ, ಹೇಳದ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಪ್ರಯೋಗಕ್ಕೆ ಆಯ್ಕೆ ಮಾಡುವಾಗ, ಹಿರಿಯರೆಲ್ಲ ಪಾರ್ಕಿನ್ಸನ್ ಎಂದು ಸಹಿ ಹಾಕಿದ ಮೇಲೂ, ‘ಇವರ ಕಣ್ಣು ಕೆಳಗಿಳಿಯುತ್ತಿಲ್ಲ, ಹಿಂದಕ್ಕೆ ಬೀಳುತ್ತಾರೆ, ಇದು ಪಿಎಸ್‌ಪಿ’ ಎಂದು ನೀನೊಬ್ಬಳೇ ಹಟ ಹಿಡಿದೆಯಂತೆ. ಪಾರ್ಕಿನ್ಸನ್‌ನಂತೆ ಕಂಡರೂ ಬೇರೆಯೇ ಎಂದು ಸ್ಟೀಲ್, ರಿಚರ್ಡ್‌ಸನ್ ಮತ್ತು ಓಲ್‌ಶೆವ್‌ಸ್ಕಿ ಎಂಬ ವೈದ್ಯರು 1964ರಲ್ಲಿ ಬಿಡಿಸಿ ಬರೆದ ಕಾಯಿಲೆ ಅದು, ಇಂದಿಗೂ ಅನುಭವಿಗಳ ಕಣ್ಣು ತಪ್ಪಿಸುತ್ತದೆ. ನಿನ್ನ ಸಹೋದ್ಯೋಗಿ ಹೇಳಿದಾಗ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಅಪ್ಪನಿಗೆ ಅರ್ಥವಾಗದಿದ್ದರೂ ಪೂರ್ತಿ ವಿವರಿಸಿದೆ. ನಿನ್ನೆ ಅದನ್ನು ಹೇಳುವ ಬದಲು ಇನ್ನೇನೋ ಹೇಳಿದೆ.

ನನ್ನ ಭಯ ನಿನ್ನ ವೃತ್ತಿಯದಲ್ಲ. ಪ್ರಯೋಗಕ್ಕೆ ಬಂದ ಇವರನ್ನು ನೋಡದೆ ಹೊರಟರೆ, ಮುಂದೆ ಎಲ್ಲಿದ್ದರೂ ಅವರಿಗೆ ಮೋಸ ಮಾಡಿದೆನೆಂದೇ ನೀನು ಅಂದುಕೊಳ್ಳುತ್ತೀಯೆ. ನೀನು ಮೋಸ ಮಾಡಿಲ್ಲ. ಅದನ್ನು ನಾನು ಹೇಳಿದರೆ ನಂಬುವವಳಲ್ಲ, ಅವರ ಬಾಯಿಂದಲೇ ಕೇಳಬೇಕು. ಕೆಲವರು ಸಿಟ್ಟೂ ಆಗುತ್ತಾರೆ, ಆಗಲಿ.

ಕರೆಯುವಾಗ ನಿನ್ನ ಅನುಕೂಲದ ಸಮಯ ಕೊಡಬೇಡ. ಅವರು ದಿನವೂ ತೆಗೆದುಕೊಳ್ಳುವ ಗುಳಿಗೆ ಚೆನ್ನಾಗಿ ಕೆಲಸ ಮಾಡುವ ಹೊತ್ತು ಯಾವುದೆಂದು ಕೇಳಿ ಆಗ ಕರೆ. ಜೊತೆಗೆ ಬಂದವರನ್ನು ಹೊರಗೆ ಕೂರಿಸಬೇಡ. ಅವರ ಮುಖದಲ್ಲಿ ಭಾವ ಕಾಣದಿದ್ದರೆ ಒಪ್ಪಿಕೊಂಡರೆಂದು ತಿಳಿಯಬೇಡ, ಕಾಯಿಲೆ ಮುಖವನ್ನೂ ಬಿಗಿಯುತ್ತದೆ. ಉತ್ತರ ಬರುವುದು ತಡವಾದರೆ ಮಧ್ಯೆ ಬಾಯಿ ಹಾಕಬೇಡ. ಯಾವ ಗುಂಪಿನಲ್ಲಿದ್ದರೆಂದು ತಿಳಿಯಲು ಬಯಸುತ್ತಾರೋ ಇಲ್ಲವೋ, ಮೊದಲು ಕೇಳು. ಆ ದಿನ ಯಾರನ್ನೂ ನಡೆಸಿ ಪರೀಕ್ಷೆ ಮಾಡಬೇಡ.

ರಾಜೀನಾಮೆಯ ತಾರೀಖನ್ನು ಅಷ್ಟರವರೆಗೆ ಮುಂದಕ್ಕೆ ಹಾಕಲು ಒಪ್ಪುತ್ತಾರೆ, ವಿಚಾರಿಸು. ಭಾನುವಾರ ಫೋನ್ ಮಾಡುತ್ತೇನೆ, ಎತ್ತು. ಬೈಯುವುದಿದ್ದರೆ ಆಗ ಬೈಯಿ.

ನಿನ್ನ
ಅಮ್ಮ