ಕೆಲಸ ಹೋದವನಿಗೆ ಆರು ತಿಂಗಳು

ಮಾನ್ಯ ಸಂಪಾದಕರೇ,

ಯಂತ್ರಗಳು ಕೆಲಸ ಕಸಿಯುವ ಕಾಲದಲ್ಲಿ ಎಲ್ಲರಿಗೂ ಮೂಲ ಆದಾಯ, ಅಂದರೆ ಕೆಲಸ ಇರಲಿ ಬಿಡಲಿ ಸರ್ಕಾರದಿಂದ ಇಷ್ಟು ಎಂಬ ಹಣ, ಕೊಡಬೇಕೇ ಎಂಬ ಭಾನುವಾರದ ಲೇಖನ ಓದಿದೆ. ‘ಕೂತಲ್ಲೇ ದುಡ್ಡು ಬಂದರೆ ಯಾರು ದುಡಿಯುತ್ತಾರೆ?’ ಎಂದು ಲೇಖಕರು ಕೇಳಿದ್ದಾರೆ. ಒಮ್ಮೆ ಯಂತ್ರಕ್ಕೆ ಕೆಲಸ ಬಿಟ್ಟುಕೊಟ್ಟವನಾಗಿ ನನ್ನದೂ ನಾಲ್ಕು ಮಾತು.

ನಾನು ಅಚ್ಚುಕೂಟದಲ್ಲಿ ಮೊಳೆ, ಅಂದರೆ ಸೀಸದ ಬಿಡಿ ಅಕ್ಷರ, ಜೋಡಿಸುತ್ತಿದ್ದವನು. ಎಡಗೈಯಲ್ಲಿ ಸಾಲು ಜೋಡಿಸುವ ಸ್ಟಿಕ್, ಬಲಗೈ ಮೊಳೆಗಳ ಖಾನೆಗಳ ಮೇಲೆ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನಮ್ಮ ಲಿಪಿಗೆ ನೂರಾರು ಖಾನೆ. ‘ಷ್ಟ್ರ’ ಬೇಕೆಂದರೆ ಕಣ್ಣು ಹುಡುಕುವ ಮೊದಲೇ ಬೆರಳು ಅಲ್ಲಿರಬೇಕು. ಮೊಳೆಯ ಮೇಲೆ ಅಕ್ಷರ ತಿರುಗಿಯೇ ಇರುವುದರಿಂದ, ಆಂಬುಲೆನ್ಸ್ ಮುಖದ ಮೇಲಿನ ತಿರುಗು ಬರಹ ಇಂದಿಗೂ ನನಗೆ ಕನ್ನಡಿಯಿಲ್ಲದೆ ಓದಲು ಬರುತ್ತದೆ. ಬೇರೆ ಯಾವುದಕ್ಕೂ ಆ ವಿದ್ಯೆ ಉಪಯೋಗಕ್ಕೆ ಬರಲಿಲ್ಲ.

ಕಂಪ್ಯೂಟರಿನಲ್ಲೇ ಪುಟ ಜೋಡಿಸುವ ಡಿಟಿಪಿ ಬಂತು. ಮೊಳೆಗಳು ಸೀಸದ ತೂಕಕ್ಕೆ ಹೋದವು, ನಾವು ಐದು ಜನ ಮನೆಗೆ. ಮಾಲೀಕರು ಕೆಟ್ಟವರಲ್ಲ, ‘ಆರು ತಿಂಗಳು ಕಂಪ್ಯೂಟರ್ ಕಲಿತು ಬಾ, ಕಾಗುಣಿತ ಬಲ್ಲವರು ಬೇಕೇ ಬೇಕು’ ಎಂದರು. ಮನೆಯ ಒಲೆ ಆರು ತಿಂಗಳು ಕಾಯುವುದಿಲ್ಲವಲ್ಲ. ಎಂಟನೇ ದಿನ ನಾನು ಒಂದು ಗೋದಾಮಿನಲ್ಲಿ ಮೂಟೆ ಎಣಿಸುತ್ತ ನಿಂತಿದ್ದೆ. ಐವರಲ್ಲಿ ಒಬ್ಬ ಮಾತ್ರ ಕೂತು ಕಲಿತ, ಆಮೇಲೆ ಪುಟ ವಿನ್ಯಾಸಕಾರನಾದ. ನನಗಿಂತ ಚುರುಕೇನಲ್ಲ ಅವನು. ಅವನ ಹೆಂಡತಿಗೆ ಸಂಬಳವಿತ್ತು, ಅಷ್ಟೇ.

ಮೂಲ ಆದಾಯ ಎಂದಾಗ ನನಗೆ ನೆನಪಾಗುವುದು ಆ ಹೆಂಡತಿಯ ಸಂಬಳ.

ಫಿನ್ಲೆಂಡ್ ಸರ್ಕಾರ 2017 ಮತ್ತು 2018ರಲ್ಲಿ 2000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೋ ಕೊಟ್ಟು ನೋಡಿತು. ಕೆಲಸ ಸಿಕ್ಕರೂ ಹಣ ನಿಲ್ಲುವುದಿಲ್ಲ ಎಂಬುದೇ ಅದರ ವಿಶೇಷ. ಮಾಮೂಲಿ ನಿರುದ್ಯೋಗ ಭತ್ಯೆಯಾದರೆ ಸಣ್ಣ ಕೆಲಸ ಹಿಡಿದ ಕೂಡಲೇ ಕತ್ತರಿ ಬೀಳುತ್ತದೆ, ಹಾಗಾಗಿ ಹಿಡಿಯದಿರುವುದೇ ಲಾಭ ಎನಿಸುತ್ತದೆ. ಫಲಿತಾಂಶ? ಎರಡನೇ ವರ್ಷದ ಲೆಕ್ಕದಲ್ಲಿ, ಹಣ ಪಡೆದವರು ಈ ಹಣ ಸಿಗದ ಉಳಿದ ನಿರುದ್ಯೋಗಿಗಳಿಗಿಂತ ಸರಾಸರಿ ಆರು ದಿನ ಹೆಚ್ಚೇ ದುಡಿದಿದ್ದರು. ಆ ಹೊತ್ತಿಗೆ ಭತ್ಯೆಯ ನಿಯಮಗಳೂ ಬದಲಾಗಿದ್ದರಿಂದ ಆರು ದಿನದ ಬಗ್ಗೆ ನಾನು ಜಂಬ ಕೊಚ್ಚುವುದಿಲ್ಲ. ಆದರೆ ಸೋಮಾರಿಗಳಂತೂ ಆಗಲಿಲ್ಲ. ಮನಸ್ಸಿನ ಒತ್ತಡವೂ ತಗ್ಗಿತ್ತು.

ಹಣ ಎಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸ್ವಿಟ್ಜರ್ಲೆಂಡಿನಲ್ಲಿ 2016ರಲ್ಲಿ ಇದನ್ನು ಜನಮತಕ್ಕೆ ಹಾಕಿದಾಗ ಮತ ಹಾಕಿದವರಲ್ಲಿ ನೂರಕ್ಕೆ ಸುಮಾರು 77 ಮಂದಿ ಬೇಡ ಎಂದರು. ಇತ್ತ ಅಮೆರಿಕದ ಅಲಾಸ್ಕದಲ್ಲಿ ತೈಲದ ಹುಟ್ಟುವಳಿಯ ಒಂದು ಪಾಲನ್ನು ನಿಧಿಯಲ್ಲಿಟ್ಟು, 1982ರಿಂದ ಅಲ್ಲಿನ ನಿವಾಸಿಗಳಿಗೆ, ಮಕ್ಕಳಿಗೂ ಸೇರಿಸಿ, ವರ್ಷಕ್ಕೊಮ್ಮೆ ಹಂಚುತ್ತಿದ್ದಾರೆ. ಹೊಟ್ಟೆ ತುಂಬುವಷ್ಟಲ್ಲ, ನಿಜ. ಆದರೆ ಕೊಡುವಾಗ ಅದನ್ನು ದಾನ ಎನ್ನುವುದಿಲ್ಲ, ಡಿವಿಡೆಂಡ್ ಎನ್ನುತ್ತಾರೆ, ಅಂದರೆ ಪಾಲುದಾರನಿಗೆ ಸಲ್ಲುವ ಲಾಭಾಂಶ.

ಈಗ ತಾವೇ ಬರೆಯುವ ಎಐ ಯಂತ್ರಗಳೇ ಬಂದಿವೆ. ಅವು ಕಲಿತದ್ದು ಜನ ಬರೆದಿಟ್ಟ ರಾಶಿ ರಾಶಿ ಪುಟಗಳಿಂದ. ನಾನು ಜೋಡಿಸಿದ ಯಾವುದೋ ಪುಟವೂ ಆ ರಾಶಿಯಲ್ಲಿರಬಹುದು, ಇಲ್ಲದಿರಬಹುದು. ನೆಲದಡಿಯ ಎಣ್ಣೆಯಲ್ಲಿ ಎಲ್ಲರಿಗೂ ಪಾಲಿದೆ ಎನ್ನುವುದಾದರೆ, ಎಲ್ಲರ ಬರಹದಿಂದ ಹಿಂಡಿದ ಲಾಭದಲ್ಲಿ ಯಾಕಿಲ್ಲ? ಲೇಖಕರು ಈ ಕಡೆ ತಿರುಗಿಯೂ ನೋಡಿಲ್ಲ.

ಒಂದು ಅಳುಕು ನನಗೂ ಇದೆ. ‘ಕೈಗೆ ಹಣ ಕೊಟ್ಟಾಯಿತಲ್ಲ’ ಎಂದು ಸರ್ಕಾರಿ ಶಾಲೆ, ಆಸ್ಪತ್ರೆಗಳಿಗೆ ಬೀಗ ಜಡಿಯುವುದಾದರೆ ಆ ಹಣ ನನಗೆ ಬೇಡ. ಒಂದು ಶಸ್ತ್ರಚಿಕಿತ್ಸೆಗೆ ಹಲವು ವರ್ಷದ ಮೂಲ ಆದಾಯ ಕರಗಿಹೋಗಬಹುದು.

ಅಂದಹಾಗೆ, ಲೇಖನದ ಎರಡನೇ ಕಾಲಂನಲ್ಲಿ ‘ಯಾಂತ್ರೀಕರಣ’ ಎಂಬುದು ‘ಯಾಂತ್ರಿಕರಣ’ ಎಂದು ಅಚ್ಚಾಗಿದೆ. ಹಳೆಯ ಚಾಳಿ, ಕಣ್ಣಿಗೆ ಬಿತ್ತು.

— ಒಬ್ಬ ಹಳೆಯ ಕಂಪೋಸಿಟರ್